‘ಮಲಗಿದೆ’ಯಿಂದ ‘ಮಲಗಿದ್ದಾಳೆ’ಯವರೆಗೆ

ಕಳೆದ ವಾರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು “ಮಗು ಹೇಗಿದೆ?” ಎಂದು ಕೇಳಿದರು. “ಚೆನ್ನಾಗಿದ್ದಾಳೆ, ಮೊನ್ನೆಗೆ ಎರಡು ವರ್ಷ ತುಂಬಿತು” ಎಂದು ಉತ್ತರಿಸಿ, ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟವಳು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅವರ ಪ್ರಶ್ನೆ ನಪುಂಸಕಲಿಂಗದಲ್ಲಿತ್ತು, ನನ್ನ ಉತ್ತರ ಸ್ತ್ರೀಲಿಂಗದಲ್ಲಿತ್ತು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕನ್ನಡದಲ್ಲಿ ಮಗು, ಶಿಶು, ಕೂಸು ಎಲ್ಲವೂ ನಪುಂಸಕಲಿಂಗದ ಪದಗಳೇ. ಮಗು ಅಳುತ್ತದೆ, ಮಗು ಮಲಗಿತು, ಮಗು ಹಾಲು ಕುಡಿಯುತ್ತಿದೆ ಎನ್ನುತ್ತೇವೆಯೇ ಹೊರತು ಮಗು ಅಳುತ್ತಾಳೆ ಎನ್ನುವುದಿಲ್ಲ. ಪಿಯು ವಿದ್ಯಾರ್ಥಿಗಳಿಗೆ ಹನ್ನೆರಡು ವರ್ಷಗಳಿಂದ ಈ ವ್ಯಾಕರಣವನ್ನು ಹೇಳಿಕೊಡುತ್ತ ಬಂದಿರುವ ನನಗೆ, ನನ್ನದೇ ಮನೆಯಲ್ಲಿ ಕ್ರಿಯಾಪದದ ಪ್ರತ್ಯಯ ಬದಲಾದದ್ದು ಯಾವಾಗ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಪತ್ತೆ ಮಾಡಲು ಒಂದು ದಾರಿ ಇತ್ತು. ನನ್ನ ಗಂಡ ಕೆಲಸಕ್ಕಾಗಿ ಮೈಸೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಾರೆ. ಬೆಳಿಗ್ಗೆ ಮಗಳು ಏಳುವ ಮುನ್ನ ಹೊರಟರೆ ಅವಳು ಮಲಗಿದ ಮೇಲೆಯೇ ಮನೆ ಸೇರುವುದು. ಹೀಗಾಗಿ ಎರಡು ವರ್ಷಗಳಿಂದ ನಾನು ಅವರಿಗೆ ದಿನಕ್ಕೆ ನಾಲ್ಕೈದು ಸಂದೇಶಗಳನ್ನು ಕಳಿಸುತ್ತಲೇ ಇದ್ದೇನೆ. ಆ ರಾತ್ರಿ ಕೂತು ಅವನ್ನೆಲ್ಲ ಮೊದಲಿನಿಂದ ಓದುತ್ತ ಬಂದೆ. “ಎದ್ದಿದೆ.” “ಅರ್ಧ ಲೋಟ ಕುಡಿಯಿತು.” “ಜ್ವರ ಇಳಿದಿದೆ, ಈಗ ಮಲಗಿದೆ.” ಒಂದೂವರೆ ವರ್ಷದವರೆಗೂ ಹೀಗೆಯೇ. ಆಮೇಲೆ ಕೆಲವು ವಾರ ಎರಡೂ ಕಲೆತು ಬರುತ್ತವೆ. ಒಂದೇ ದಿನ ಬೆಳಿಗ್ಗೆ ‘ಎದ್ದಿದೆ’, ಸಂಜೆ ‘ಎದ್ದಳು’. ಅಲ್ಲಿಂದಾಚೆಗೆ ‘ಇದೆ’ ಎಂಬುದು ಹುಡುಕಿದರೂ ಸಿಗುವುದಿಲ್ಲ. ಯಾರೂ ತೀರ್ಮಾನ ಮಾಡಿ ಬದಲಾಯಿಸಿದ್ದಲ್ಲ. ಹಾಗಾದರೆ ಆ ವಾರಗಳಲ್ಲಿ ಏನು ನಡೆಯಿತು ಎಂಬ ಕುತೂಹಲ ಹುಟ್ಟಿ, ತಾಯಿ ಕಾರ್ಡನ್ನೂ ಹೊರಗೆ ತೆಗೆದೆ.

ಕರ್ನಾಟಕದಲ್ಲಿ ಬಸುರಿಯಾದ ಪ್ರತಿಯೊಬ್ಬರ ಮನೆಯಲ್ಲೂ ಇರುವ ಕಾರ್ಡು ಅದು. ನನ್ನದು ಮಡಿಸಿ ಮಡಿಸಿ ನಾಲ್ಕು ಹಾಳೆಯಾಗಿ ಹರಿದಿದ್ದು, ಸೆಲೊಟೇಪಿನ ಆಧಾರದಲ್ಲಿ ಉಳಿದಿದೆ. ಲಸಿಕೆಯ ಪಟ್ಟಿಯಲ್ಲಿ ಆರು, ಹತ್ತು, ಹದಿನಾಲ್ಕನೆಯ ವಾರದ ಚುಚ್ಚುಮದ್ದಿನ ತಾರೀಖುಗಳು, ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕಿಸಿದ ದಡಾರ-ರುಬೆಲ್ಲಾ ಲಸಿಕೆಯ ಸಹಿ, ಅದರ ಜೊತೆಗೆ ಕೊಟ್ಟ ವಿಟಮಿನ್ ಎ ದ್ರಾವಣದ ಗುರುತು. ಇನ್ನೊಂದು ಕಡೆ ತೂಕದ ನಕ್ಷೆ. ಹಸಿರು, ಹಳದಿ, ಕಿತ್ತಳೆ ಎಂದು ಮೂರು ಪಟ್ಟಿಗಳಿರುವ ಆ ನಕ್ಷೆಯ ಮೇಲೆ ನಾನು ಸುರಿಸಿದ ಚಿಂತೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹುಟ್ಟಿದಾಗ 2.7 ಕಿಲೋ ಇದ್ದಳು. ಐದು ತಿಂಗಳಿಗೆ ಹುಟ್ಟುತೂಕ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕೆಂಬುದು ಮಕ್ಕಳ ವೈದ್ಯರು ಬೆರಳ ತುದಿಯಲ್ಲಿಟ್ಟುಕೊಂಡಿರುವ ಲೆಕ್ಕ. ನಮ್ಮವಳು ವರ್ಷ ತುಂಬಿದ ದಿನ 7.8 ಕಿಲೋ ತೂಗಿದಳು, ಮೂರರಷ್ಟಕ್ಕೆ 300 ಗ್ರಾಂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಒಂದು ವರ್ಷದ ಹೆಣ್ಣುಮಗುವಿನ ನಡುಗೆರೆ 8.9 ಕಿಲೋ, ಹಸಿರು ಪಟ್ಟಿ ಕೆಳಗೆ 7 ಕಿಲೋದವರೆಗೂ ಚಾಚಿಕೊಂಡಿದೆ. ಅಂದರೆ ಅವಳು ಹಸಿರಿನ ಒಳಗೆಯೇ ಇದ್ದಳು, ಹುಟ್ಟಿದಂದಿನಿಂದ ಆ ಪಟ್ಟಿಯ ಕೆಳಭಾಗದಲ್ಲಿ ತನ್ನದೇ ಗೆರೆಯನ್ನು ಹಿಡಿದು ಮೇಲೇರುತ್ತಲೇ ಇದ್ದಳು. “ನಡುಗೆರೆ ಮುಟ್ಟಬೇಕಾದ ಗುರಿ ಅಲ್ಲ ಮೇಡಂ, ನೂರು ಆರೋಗ್ಯವಂತ ಮಕ್ಕಳಲ್ಲಿ ಐವತ್ತು ಮಕ್ಕಳು ಅದರ ಕೆಳಗೇ ಇರುತ್ತವೆ. ಗೆರೆ ಅಡ್ಡಡ್ಡ ಹೋದರೆ ಅಥವಾ ಕೆಳಗೆ ಬಾಗಿದರೆ ಬನ್ನಿ” ಎಂದು ವೈದ್ಯರು ಮೂರು ಸಲ ಹೇಳಿದ್ದರು. ಅರ್ಥವಾಗದೇ ಇರಲಿಲ್ಲ. ಆದರೂ ಹದಿನೈದು ದಿನಕ್ಕೊಮ್ಮೆ, ಮಗುವನ್ನು ಎತ್ತಿಕೊಂಡು ಸ್ನಾನದ ಮನೆಯ ತೂಕದ ಯಂತ್ರವನ್ನು ಹತ್ತಿ, ಆಮೇಲೆ ಒಬ್ಬಳೇ ಹತ್ತಿ, ಕಳೆಯುವ ಲೆಕ್ಕ ಮಾಡುತ್ತಿದ್ದೆ. ಒಂದು ಸಲ ಅವಳ ತೂಕ ಅರ್ಧ ಕಿಲೋ ಇಳಿದುಹೋಗಿತ್ತು. ಊಟ ಬಿಟ್ಟು ಅತ್ತುಬಿಟ್ಟೆ. ಮಾರನೆಯ ದಿನ ನೋಡಿದರೆ ಯಂತ್ರದ ಒಂದು ಕಾಲು ಹೆಂಚಿನ ಸಂದಿನಲ್ಲಿ ಕೂತಿತ್ತು.

ಆ ಮಾನದಂಡ ಎಲ್ಲಿಂದ ಬಂತೆಂದು ತಿಳಿದ ಮೇಲೆ ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ನಿಜ. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಆರು ದೇಶಗಳಲ್ಲಿ, ಎದೆಹಾಲು ಕುಡಿದು ಒಳ್ಳೆಯ ಪರಿಸರದಲ್ಲಿ ಬೆಳೆಯುತ್ತಿದ್ದ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಅದನ್ನು ಪ್ರಕಟಿಸಿದರು. ಭಾರತದ ಮಕ್ಕಳನ್ನು ಅಳೆದದ್ದು ದಕ್ಷಿಣ ದೆಹಲಿಯಲ್ಲಿ. ಅನುಕೂಲವಿದ್ದರೆ ಯಾವ ದೇಶದ ಮಗುವಾದರೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತದೆ ಎಂಬುದು ಅದರಿಂದ ತಿಳಿದುಬಂದ ದೊಡ್ಡ ಸಂಗತಿ. “ನಮ್ಮ ಕಡೆಯ ಮಕ್ಕಳೇ ಸಣ್ಣ” ಎಂದು ಸುಮ್ಮನಾಗುವುದಕ್ಕೆ ಅಲ್ಲಿ ಅವಕಾಶವಿಲ್ಲ.

ನಮ್ಮ ಅತ್ತೆಗೆ ಈ ಗೆರೆಗಳ ಹಂಗಿಲ್ಲ. ಅವರ ಊರು ತಿ. ನರಸೀಪುರದ ಹತ್ತಿರ. ಅಂಗನವಾಡಿ ಅವರಿಗೆ ಹೊಸದೇನಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಅವರ ತಾಲ್ಲೂಕೇ. ನನ್ನ ಗಂಡನನ್ನು ಎಂಬತ್ತರ ದಶಕದಲ್ಲಿ ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ, ತೊಲೆಗೆ ನೇತುಹಾಕಿದ ತಕ್ಕಡಿಯಲ್ಲಿ ತೂಗುತ್ತಿದ್ದರಂತೆ; ಜೋಳಿಗೆಯಲ್ಲಿ ಕೂತೊಡನೆ ಅವರು ಕಿರುಚುತ್ತಿದ್ದ ಕಿರುಚಾಟಕ್ಕೆ ಉಳಿದ ಮಕ್ಕಳೂ ಅಳುತ್ತಿದ್ದವಂತೆ. ಆದರೆ ಅತ್ತೆ ನಂಬಿದ್ದು ಉಡಿದಾರವನ್ನು. ನಮ್ಮ ಮನೆಗೆ ಬಂದಾಗಲೆಲ್ಲ ಅವರು ಮೊದಲು ಮಾಡುವ ಕೆಲಸವೆಂದರೆ ಮೊಮ್ಮಗಳ ಅಂಗಿಯನ್ನು ಎತ್ತಿ ಸೊಂಟದ ಕರಿದಾರದೊಳಗೆ ಬೆರಳು ತೂರಿಸಿ ನೋಡುವುದು. ಎರಡು ಬೆರಳು ಹೋದರೆ ಮೌನ. ಒಂದೇ ಬೆರಳು ಹೋದರೆ “ಊಂ, ಮೈ ತುಂಬ್ಕತಾ ಅದೆ” ಎಂಬ ಮೆಚ್ಚುಗೆ. ಬೆರಳು ಹೋಗದಿದ್ದರೆ ಹಳೆಯ ದಾರ ಕತ್ತರಿಸಿ ಹೊಸದು ಕಟ್ಟುವ ಸಂಭ್ರಮ. ಕೈಬಳೆಯ ವಿಷಯದಲ್ಲೂ ಇದೇ ಲೆಕ್ಕ. ಅಂಗನವಾಡಿ ಟೀಚರ್ ಮಕ್ಕಳ ತೋಳಿಗೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಸುತ್ತಿ, ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆ ಇದೆಯೇ ಎಂದು ನೋಡುವುದನ್ನು ಮೊದಲ ಸಲ ಕಂಡಾಗ, ಇದು ಅತ್ತೆಯ ಬಳೆಯ ಲೆಕ್ಕವೇ ಅಲ್ಲವೇ ಎನ್ನಿಸಿತ್ತು. ವ್ಯತ್ಯಾಸವೆಂದರೆ ಅತ್ತೆಯ ಅಳತೆಯಲ್ಲಿ ಪಕ್ಕದ ಮನೆಯ ಮಗುವಿಗೆ ಜಾಗವೇ ಇಲ್ಲ. ಆ ದಾರ ಇವಳ ಸೊಂಟದ್ದು. ಅದು ಇವಳ ಹೋದ ತಿಂಗಳನ್ನು ಇವಳ ಈ ತಿಂಗಳಿನೊಡನೆ ಹೋಲಿಸುತ್ತದೆ, ಅಷ್ಟೆ.

ಹೋಲಿಕೆಯ ಕಾಟ ಶುರುವಾದದ್ದು ಅಂಬೆಗಾಲಿನಿಂದ. ನನ್ನ ಚಿಕ್ಕಮ್ಮನ ಮೊಮ್ಮಗ ಏಳು ತಿಂಗಳಿಗೆ ಅಂಬೆಗಾಲಿಟ್ಟು, ಹತ್ತಕ್ಕೆಲ್ಲ ನಡೆದುಬಿಟ್ಟಿದ್ದ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಅವನ ವಿಡಿಯೋಗಳು ದಿನಕ್ಕೆರಡರಂತೆ ಬರುತ್ತಿದ್ದವು. ನಮ್ಮವಳು ಹತ್ತು ತಿಂಗಳಾದರೂ ಅಂಬೆಗಾಲಿಡಲಿಲ್ಲ. ಮಂಡಿಯೂರಿಸಿದರೆ ಹೊಟ್ಟೆಯ ಮೇಲೆ ಮಲಗಿಬಿಡುತ್ತಿದ್ದಳು. ಕೂರಿಸಿದರೆ ಖುಷಿಯಾಗಿ ಕೂರುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ನಾನು ರಾಗಿ ಸರಿ ಕಾಸುತ್ತಿದ್ದಾಗ, ನಡುಮನೆಯಲ್ಲಿ ಕೂರಿಸಿ ಬಂದಿದ್ದವಳು ನನ್ನ ಕಾಲ ಬಳಿ ಇದ್ದಾಳೆ. ಹೇಗೆ ಬಂದಳೆಂದು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಕೂತ ಭಂಗಿಯಲ್ಲೇ ಬಲಗಾಲನ್ನು ಮುಂದೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಎಡಗೈಯನ್ನು ಪಕ್ಕಕ್ಕೆ ಊರಿ, ದೋಣಿಗೆ ಹುಟ್ಟು ಹಾಕುವವರ ಹಾಗೆ ಒಂದೊಂದು ಎಳೆತಕ್ಕೆ ಒಂದು ಗೇಣು ಮುಂದೆ ಜರುಗುತ್ತಿದ್ದಳು. ಬಲಗೈ ಬಿಡುವಾಗಿತ್ತು. ಅದರಲ್ಲಿ ಒಂದು ಚಮಚ. ಅಂಬೆಗಾಲಿಡುವ ಮಗುವಿಗೆ ಆ ಸೌಲಭ್ಯ ಎಲ್ಲಿದೆ!

ಅತ್ತೆಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. “ಎದ್ರುಕೋಬ್ಯಾಡ ಕಣವ್ವ. ನಿನ್ನ ಗಂಡನೂ ಅಂಗೇಯ. ಕೂತ್ಕಂಡೇ ಮನೆಯೆಲ್ಲ ಗುಡ್ಸವ್ನೆ.” ಕೂತು ಜರುಗುವ ಈ ಅಭ್ಯಾಸ ಮನೆತನದಲ್ಲಿ ಹರಿದುಬರುವುದುಂಟು ಎಂದು ವೈದ್ಯರೂ ಹೇಳಿದರು, ಅಂಥ ಮಕ್ಕಳು ನಡೆಯುವುದು ಸಾಮಾನ್ಯವಾಗಿ ತಡ ಎಂಬುದನ್ನೂ ಸೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಮಕ್ಕಳ ಚಲನೆಯನ್ನು ತಿಂಗಳು ತಿಂಗಳೂ ಗಮನಿಸಿದಾಗ, ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಕೈ-ಮಂಡಿಯ ಅಂಬೆಗಾಲನ್ನು ಇಡಲೇ ಇಲ್ಲವಂತೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ಪರಿಷ್ಕರಿಸುವಾಗ ಅಂಬೆಗಾಲನ್ನು ಅದರಿಂದ ತೆಗೆದೇ ಹಾಕಿತು. ಇದನ್ನು ನಾನು ಕುಟುಂಬದ ಗುಂಪಿನಲ್ಲಿ ಹಾಕಿದೆ. ಒಬ್ಬರೂ ಉತ್ತರಿಸಲಿಲ್ಲ.

ಹೊಸ್ತಿಲನ್ನೂ ಅವಳು ಕೂತೇ ದಾಟಿದಳು. ನಮ್ಮ ಅತ್ತೆಯ ಮನೆಯಲ್ಲಿ ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು, ಕಾಯಿ ಒಡೆದು ಸಕ್ಕರೆ ಹಂಚುತ್ತಾರೆ. ನಮ್ಮ ಮಹಡಿಯಲ್ಲೇ ಇರುವ ಆಂಧ್ರದವರು ಅವರ ಕಡೆಯ ಲೆಕ್ಕ ಹೇಳಿದರು: ಮಗು ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆಯಿಟ್ಟರೆ ಕಜ್ಜಾಯದಂಥ ಅರಿಸೆಲು, ಹೊಸ್ತಿಲು ದಾಟಿದರೆ ಗಾರೆಲು, ಅಂದರೆ ಉದ್ದಿನ ವಡೆ. ಇಂಥ ಪಟ್ಟಿಯಲ್ಲಿ ತಿಂಗಳಿನ ಸಂಖ್ಯೆ ಇಲ್ಲದಿರುವುದು ನನಗೆ ಬಹಳ ಹಿಡಿಸಿತು. ಮಗು ಯಾವಾಗ ಬೋರಲು ಬೀಳುತ್ತದೋ ಆವಾಗ ಬೇಳೆ ಬೇಯಿಸಿದರಾಯಿತು.

ಹದಿಮೂರು ತಿಂಗಳಾದಾಗ ಬಂಧುವೊಬ್ಬರು ಪ್ರೀತಿಯಿಂದ ಪ್ಲಾಸ್ಟಿಕ್ ವಾಕರ್ ತಂದುಕೊಟ್ಟರು. ಸುತ್ತ ಗಾಲಿಗಳಿರುವ, ನಡುವೆ ಮಗುವನ್ನು ತೂರಿಸಿ ಕೂರಿಸುವ, ಗುಂಡಿ ಒತ್ತಿದರೆ ಕೂಗುವ ಸಾಮಾನು. ಅದು ನಡೆಯುವುದನ್ನು ಕಲಿಸುವುದಿಲ್ಲ. ತುದಿಗಾಲಿನಲ್ಲಿ ತಳ್ಳಿಕೊಂಡು ಓಡುವ ಮಗುವಿಗೆ ತನ್ನ ಭಾರವನ್ನು ತಾನೇ ತೂಗಿಸಿಕೊಳ್ಳುವ ಅಭ್ಯಾಸ ತಪ್ಪಿ ನಡಿಗೆ ತಡವಾಗಬಹುದು, ಮೆಟ್ಟಿಲಿನಿಂದ ಉರುಳುವ ಅಪಾಯವಂತೂ ಇದ್ದೇ ಇದೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ. ಇದನ್ನೆಲ್ಲ ಕೊಟ್ಟವರ ಮುಂದೆ ಹೇಳಲಾದೀತೇ? ಅಟ್ಟಕ್ಕೆ ಹಾಕಿದೆ. ಬದಲಿಗೆ ಚನ್ನಪಟ್ಟಣದಿಂದ ಮೂರು ಗಾಲಿಯ ಮರದ ಗಾಡಿ ತಂದೆವು, ಮಗು ಹಿಂದೆ ನಿಂತು ತಳ್ಳುವಂಥದ್ದು. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಆ ಗಾಡಿ ತಳ್ಳಿದರೆ ಮಾತ್ರ ಮುಂದೆ ಹೋಗುತ್ತದೆ, ಹಿಡಿದವರು ನೇರ ನಿಲ್ಲದಿದ್ದರೆ ಬಿದ್ದುಹೋಗುತ್ತದೆ. ಅವಳು ಎರಡು ತಿಂಗಳು ಅದರ ಪಕ್ಕದಲ್ಲಿ ಕೂತು ಗಾಲಿಯನ್ನು ಕೈಯಲ್ಲಿ ತಿರುಗಿಸಿದಳೇ ಹೊರತು ಅದನ್ನು ಹಿಡಿದು ನಿಲ್ಲಲಿಲ್ಲ.

ಅವಳು ನಡೆದದ್ದು ಹದಿನಾರು ತಿಂಗಳಿಗೆ, ಅತ್ತೆಯ ಊರಿನಲ್ಲಿ. ಹಜಾರದ ಕಂಬ ಹಿಡಿದು ನಿಂತಿದ್ದಳು. ಅತ್ತೆ ಎದುರಿಗೆ ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದರು. ಮೊರದಿಂದ ಹಾರಿದ ನುಚ್ಚಿಗೆ ಒಂದು ಕೋಳಿಮರಿ ಬಂದಿತು. ಅವಳು ಕಂಬ ಬಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಎರಡೂ ಕೈ ಹೆಗಲಿನೆತ್ತರಕ್ಕೆ ಎತ್ತಿ, ಕಾಲು ಅಗಲಿಸಿ, ಪಾದವನ್ನು ನೆಲದಿಂದ ಕಿತ್ತು ಕಿತ್ತು ಇಡುತ್ತ ಬಂದು ಮೊರದ ಮೇಲೆ ಬಿದ್ದಳು; ಅಕ್ಕಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಅತ್ತೆ ಮಗುವನ್ನು ಎತ್ತಿಕೊಳ್ಳುವ ಬದಲು ಕೋಳಿಮರಿಯ ಕಡೆ ನೋಡಿ “ತಿನ್ನು, ಇವತ್ತು ನಿನ್ ಪಾಲು” ಎಂದರು. ನಾನು ಗಂಡನಿಗೆ ಕಳಿಸಿದ ಸಂದೇಶ ಇಲ್ಲೇ ಇದೆ: “ನಡೆಯಿತು! ನಾಲ್ಕು ಹೆಜ್ಜೆ!” ನಡೆದಳು ಎಂದಲ್ಲ, ನಡೆಯಿತು. ಸ್ವಂತವಾಗಿ ನಡೆಯುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅವಧಿ 8.2 ತಿಂಗಳಿನಿಂದ 17.6 ತಿಂಗಳು, ಹೆಚ್ಚುಕಡಿಮೆ ಒಂಬತ್ತೂವರೆ ತಿಂಗಳ ಅಗಲದ ಕಿಟಕಿ. ಅಷ್ಟು ಅಗಲದ ಕಿಟಕಿಯನ್ನು ನಾವೆಲ್ಲ ಸೇರಿ ಒಂದು ತಾರೀಖಿನ ಸಂದಿಯನ್ನಾಗಿ ಮಾಡಿ, ಅದರೊಳಗೆ ಮಗುವನ್ನು ತೂರಿಸಲು ನೋಡುತ್ತಿದ್ದೆವು.

ನಡಿಗೆಯ ಚಿಂತೆ ಮುಗಿಯಿತೆನ್ನುವಷ್ಟರಲ್ಲಿ ಮಾತಿನ ಚಿಂತೆ ಹತ್ತಿಕೊಂಡಿತು. ಹದಿನೇಳು ತಿಂಗಳಿಗೆ ಅವಳ ಬಾಯಲ್ಲಿದ್ದದ್ದು ಅಮ್ಮ, ಬೂವ, ಕಾಕ, ಅಂಬಾ, ಇಷ್ಟೇ. ಆ ಮಳೆಗಾಲ ಪೂರ್ತಿ ಮೂಗು ಸುರಿದಿದ್ದರಿಂದ, ನೆಗಡಿಯ ನೀರು ಕಿವಿಯೊಳಗೆ ನಿಂತರೆ ಮಕ್ಕಳಿಗೆ ಸರಿಯಾಗಿ ಕೇಳಿಸದಿರಬಹುದು, ಒಮ್ಮೆ ನೋಡಿಸಿಬಿಡಿ ಎಂದು ವೈದ್ಯರು ಸೂಚಿಸಿದರು. ಈ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿಯೇ ಇದೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು. ಎಲ್ಲೆಲ್ಲಿಂದಲೋ ಬಂದ ತಂದೆತಾಯಿಯರು ಮಕ್ಕಳನ್ನು ಎತ್ತಿಕೊಂಡು ಅಲ್ಲಿ ಕಾಯುತ್ತಿದ್ದರು. ಅವರಲ್ಲಿ ಹಲವರ ಚಿಂತೆ ನನ್ನದಕ್ಕಿಂತ ಎಷ್ಟೋ ದೊಡ್ಡದೆಂಬುದು ಅವರು ಕೂತಿದ್ದ ರೀತಿಯಿಂದಲೇ ತಿಳಿಯುತ್ತಿತ್ತು. ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಮಗುವಿನ ಬೆನ್ನ ಹಿಂದೆ ಮೆಲ್ಲಗೆ ಚಿಟಿಕೆ ಹೊಡೆದು ನೋಡುತ್ತಿದ್ದರು, ಮತ್ತೆ ಮತ್ತೆ.

ಕಿವಿಯಲ್ಲಿ ದೋಷವಿರಲಿಲ್ಲ. ಆದರೆ ಪರೀಕ್ಷೆ ಮಾಡಿದ ಯುವತಿ ಕೇಳಿದ ಒಂದು ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. “ಎಷ್ಟು ಪದ ಹೇಳ್ತಾಳೆ ಅನ್ನೋದು ಆಮೇಲೆ. ಬೆರಳು ತೋರಿಸ್ತಾಳಾ? ಬೇಕು ಅಂತ ತೋರಿಸೋದಲ್ಲ, ಸುಮ್ಮನೆ ನಿಮಗೆ ನೋಡಿ ಅಂತ ತೋರಿಸ್ತಾಳಾ?”

ತೋರಿಸುತ್ತಿದ್ದಳು. ವರ್ಷ ತುಂಬಿ ಒಂದು ತಿಂಗಳಾಗಿತ್ತು. ರಾತ್ರಿ ಕರೆಂಟು ಹೋಗಿ ಬಂದಾಗ ಟ್ಯೂಬ್‌ಲೈಟಿನ ಪಕ್ಕದಲ್ಲಿ ಒಂದು ಹಲ್ಲಿ ಕಾಣಿಸಿತು. ನನ್ನ ತೊಡೆಯ ಮೇಲಿದ್ದವಳು ಕೈಯೆತ್ತಿ, ನಾಲ್ಕು ಬೆರಳು ಮಡಿಸಿ ಒಂದನ್ನು ಮಾತ್ರ ಚಾಚಿ, “ಹ!” ಎಂದು, ಹಲ್ಲಿಯನ್ನಲ್ಲ, ತಿರುಗಿ ನನ್ನ ಮುಖವನ್ನು ನೋಡಿದಳು. ನಾನು ನೋಡಿದೆನೇ ಎಂದು ನೋಡಿದಳು. ನಾನು “ಹೌದು, ಹಲ್ಲಿ” ಎಂದ ಮೇಲೆಯೇ ಮತ್ತೆ ಹಲ್ಲಿಯ ಕಡೆ ತಿರುಗಿದ್ದು. ಹಲ್ಲಿ ಅವಳಿಗೆ ಬೇಕಾಗಿರಲಿಲ್ಲ. ತಾನು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕೆಂಬ ಆಸೆ ಮಾತ್ರ ಅಲ್ಲಿತ್ತು, ಮತ್ತು ಮಾತು ಹುಟ್ಟುವುದು ಆ ಆಸೆಯಿಂದಲೇ ಎಂದು ಆ ಯುವತಿ ವಿವರಿಸಿದರು. ಈ ಬೆರಳಿಗೆ ನಮ್ಮ ಭಾಷೆ ‘ತೋರುಬೆರಳು’ ಎಂದು ಎಷ್ಟು ಸರಿಯಾಗಿ ಹೆಸರಿಟ್ಟಿದೆ! ದಿನವೂ ಬಳಸುವ ಪದವಾದರೂ ಹಲ್ಲಿ ಕಂಡ ಆ ರಾತ್ರಿಯವರೆಗೆ ನಾನು ಅದನ್ನು ಬಿಡಿಸಿ ನೋಡಿರಲಿಲ್ಲ. ಆ ದಿನದ ಸಂದೇಶವನ್ನೂ ಹುಡುಕಿದೆ. “ಹಲ್ಲಿ ತೋರಿಸಿತು” ಎಂದಿದೆ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ “ನಮ್ಮ ಮಗುವೂ ತಡವಾಗಿತ್ತು, ಸರಿಹೋಯಿತು” ಎಂಬ ನನ್ನಂಥವರ ಕತೆಗಳು ಕೆಲವೊಮ್ಮೆ ಅಪಾಯ ಮಾಡುತ್ತವೆ. ವರ್ಷ ತುಂಬಿದರೂ ತೊದಲದಿದ್ದರೆ, ಬೆರಳು ತೋರದಿದ್ದರೆ. ಹದಿನಾರು ತಿಂಗಳಾದರೂ ಒಂದು ಪದವೂ ಬಾರದಿದ್ದರೆ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ. ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ. ಎಲ್ಲಕ್ಕಿಂತ ಮುಖ್ಯವಾಗಿ, ಬರುತ್ತಿದ್ದ ಮಾತೋ ಆಟವೋ ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ, ಅತ್ತೆಯನ್ನೂ ವಾಟ್ಸ್ಯಾಪನ್ನೂ ಬಿಟ್ಟು ವೈದ್ಯರ ಬಳಿ ಹೋಗಬೇಕು. ನಾನು ಅಂದು ಮಾನಸಗಂಗೋತ್ರಿಗೆ ಹೋದದ್ದು ವ್ಯರ್ಥವೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಸಂದೇಶಗಳ ವಿಚಾರಕ್ಕೆ ಮರಳುತ್ತೇನೆ. ಹಲ್ಲು ಬಂದಾಗ ‘ಬಂತು’ ಎಂದದ್ದು ಹಲ್ಲಿಗೆ ಸಂಬಂಧಿಸಿದ್ದು, ಅದನ್ನು ಬಿಡೋಣ. ಹೊಸ್ತಿಲು ದಾಟಿದಾಗ ‘ದಾಟಿತು’. ಬೆರಳು ತೋರಿದಾಗ ‘ತೋರಿಸಿತು’. ನಡೆದಾಗ ‘ನಡೆಯಿತು’. ಮೊದಲ ಸ್ತ್ರೀಲಿಂಗ ಸಿಕ್ಕಿದ್ದು ಹತ್ತೊಂಬತ್ತನೆಯ ತಿಂಗಳಿನ ಒಂದು ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ: “ಇಡ್ಲಿ ಬೇಡ ಅಂತಿದ್ದಾಳೆ.”

ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಅದಕ್ಕೂ ಮುಂಚೆ ಬೇಡವಾದಾಗ ಅಳುತ್ತಿದ್ದಳು, ತುಟಿ ಬಿಗಿಯುತ್ತಿದ್ದಳು, ಬಟ್ಟಲು ತಳ್ಳುತ್ತಿದ್ದಳು. ಅಂದು ಅಳಲಿಲ್ಲ. ತುತ್ತನ್ನು ನೋಡಿ, ನನ್ನನ್ನು ನೋಡಿ, ಶಾಂತವಾಗಿ “ಬೇಲ” ಎಂದಳು. ಡಕಾರ ಲಕಾರವಾಗಿದ್ದರೂ ಅರ್ಥದಲ್ಲಿ ಏನೂ ಸಡಿಲವಿರಲಿಲ್ಲ. ನಾನು ತಮಾಷೆಗೆ ಇನ್ನೊಂದು ಸಲ ಬಾಯ ಬಳಿ ಒಯ್ದೆ. “ಬೇಲ” ಎಂದು ಈ ಸಲ ಕೈಯನ್ನು ಅಡ್ಡ ಹಿಡಿದಳು. ಕಾಲೇಜಿಗೆ ಹೊತ್ತಾಗುತ್ತಿತ್ತು, ಕೋಪ ಬರಬೇಕಾಗಿತ್ತು, ಬರಲಿಲ್ಲ. ಎದುರಿಗೆ ಯಾರೋ ಕೂತಿದ್ದಾರೆ ಎಂಬ ವಿಚಿತ್ರವಾದ ಭಾವನೆ ಬಂದಿತು. ಮುಂದಿನ ವಾರಗಳಲ್ಲಿ ಅಂಗಿ ಬೇಲ, ಸ್ನಾನ ಬೇಲ, ಅಮ್ಮ ಬೇಲ. ಕೊನೆಯದನ್ನು ಕೇಳಿದ ದಿನ ಸ್ವಲ್ಪ ಅತ್ತದ್ದೂ ಉಂಟು. ಆದರೆ ಬೇಡ ಎನ್ನಬಲ್ಲವಳನ್ನು ‘ಅದು’ ಎನ್ನಲು ನನ್ನ ಬೆರಳಿಗೆ ಆಗಿಲ್ಲ. ನನಗೆ ತಿಳಿಯದೆಯೇ ಪ್ರತ್ಯಯ ಬದಲಾಗಿದೆ.

ಮಾತು ಆಮೇಲೆ ಸುರಿಯತೊಡಗಿತು. ಮೊದಲ ಎರಡು ಪದಗಳ ವಾಕ್ಯ ಇಪ್ಪತ್ತೆರಡನೆಯ ತಿಂಗಳಿನಲ್ಲಿ ಬಂದಿತು: “ಕಾಕ ಓಯ್ತು.” ಹಕಾರ ಇನ್ನೂ ಬಂದಿಲ್ಲವೆಂದು ನಾನು ಹತ್ತಿರ ಕೂರಿಸಿಕೊಂಡು “ಹೋಯ್ತು, ಹೋ, ಹೋ” ಎಂದು ತಿದ್ದಲು ಹೋದೆ. ಆಮೇಲೆ ಹೊಳೆಯಿತು: ಅವಳು ದಿನವಿಡೀ ಕೇಳುತ್ತಿದ್ದದ್ದು ಅಜ್ಜಿಯ ಮಾತನ್ನು. ಆ ತಿಂಗಳು ಅತ್ತೆ ನಮ್ಮಲ್ಲೇ ಇದ್ದರು. ಅವರ ಊರಿನ ಕನ್ನಡದಲ್ಲಿ ಹಾಲು ಆಲು, ಹೂವು ಊವು, ಹೋಯಿತು ಓಯ್ತು. ಹಲ್ಲಿ ಕಂಡ ರಾತ್ರಿಯೇ ಆಡಿದ್ದ ಹಕಾರ ಅವಳಿಗೆ ಬಾರದೇ ಇರಲಿಲ್ಲ. ಅವಳು ಕಲಿತ ಕನ್ನಡದಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಮಕ್ಕಳ ಉಚ್ಚಾರಣೆಯ ತಪ್ಪೆಂದು ನಾನು ಗುರುತು ಹಾಕಿದ್ದು ನನ್ನ ಗಂಡನ ಊರಿನ ನುಡಿಯನ್ನು! ವ್ಯಾಕರಣದ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಮುಖಭಂಗ ಬೇಕೇ. ರಕಾರ ಮತ್ತು ಳಕಾರಗಳು ಮಾತ್ರ ನಿಜವಾಗಿಯೂ ಇನ್ನೂ ಬಂದಿಲ್ಲ. ರೊಟ್ಟಿ ಲೊಟ್ಟಿಯಾಗಿದೆ, ಬಾಳೆಹಣ್ಣು ಬಾಲೆಯಣ್ಣಾಗಿದೆ. ಅವು ಎಲ್ಲ ಮಕ್ಕಳಿಗೂ ತಡವಾಗಿಯೇ ಬರುವ ಧ್ವನಿಗಳು, ನಿಧಾನವಾಗಿ ಬರಲಿ.

ತಮಾಷೆಯೆಂದರೆ, ನಾನು ಬಿಟ್ಟುಬಿಟ್ಟ ನಪುಂಸಕಲಿಂಗವನ್ನು ಅವಳು ಎತ್ತಿಕೊಂಡಿದ್ದಾಳೆ. ತನ್ನ ಬಗ್ಗೆ ತಾನೇ ಹೇಳುವಾಗ “ಪಾಪು ಬಂತು”, “ಪಾಪು ಬಿತ್ತು” ಎನ್ನುತ್ತಾಳೆ. ನಾವು ಒಂದೂವರೆ ವರ್ಷ ಆಡಿದ್ದನ್ನೆಲ್ಲ ಒಳಗೆ ಕೂಡಿಟ್ಟುಕೊಂಡು, ನಾವು ಮರೆತ ಮೇಲೆ ಹೊರಗೆ ತೆಗೆಯುತ್ತಿರುವ ಹಾಗಿದೆ. ‘ನಾನು’ ಇನ್ನೂ ಅವಳಿಗೆ ಸರಿಯಾಗಿ ದಕ್ಕಿಲ್ಲ. ಆ ಪದ ಕಷ್ಟದ್ದೇ. ಅಮ್ಮ ಎಂದರೆ ಯಾವಾಗಲೂ ಅಮ್ಮನೇ, ಆದರೆ ‘ನಾನು’ ಎಂಬುದು ಆಡುವ ಬಾಯಿಗೊಂದೊಂದು. ಕೆಲವು ಸಲ ತನ್ನನ್ನೇ ‘ನೀನು’ ಎಂದುಕೊಳ್ಳುತ್ತಾಳೆ, ಏಕೆಂದರೆ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. “ನೀನು ಆಲು ಕುಡೀ” ಎಂದು ನನ್ನ ಸೆರಗು ಜಗ್ಗಿದರೆ, ಹಾಲು ಬೇಕಾಗಿರುವುದು ಅವಳಿಗೆ.

ಎರಡನೆಯ ಹುಟ್ಟುಹಬ್ಬಕ್ಕೆ ಅತ್ತೆ ಬಂದಿದ್ದರು. ತೂಕ 10.2 ಕಿಲೋ, ಕಾರ್ಡಿನಲ್ಲಿ ಚುಕ್ಕೆಯಿಟ್ಟೆ, ಹಸಿರು ಪಟ್ಟಿಯಲ್ಲಿ, ಅದೇ ಕೆಳಗಿನ ಗೆರೆಯ ಮೇಲೆ. ಅತ್ತೆ ಕಾರ್ಡಿನ ಕಡೆ ನೋಡಲಿಲ್ಲ. ಮೊಮ್ಮಗಳನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಉಡಿದಾರಕ್ಕೆ ಬೆರಳು ತೂರಿಸಿದರು. ಹೋಗಲಿಲ್ಲ. ಸೀರೆಯ ಸೆರಗಿನ ಗಂಟಿನಿಂದ ಹೊಸ ಕರಿದಾರ ಹೊರಬಂದಿತು. ಅದನ್ನು ಊರಿನಿಂದಲೇ ತಂದಿದ್ದರು. ಕತ್ತರಿಯನ್ನು ನಾನು ಕೊಟ್ಟೆ. ಹಳೆಯ ದಾರ ಕತ್ತರಿಸಿದಾಗ ಸೊಂಟದ ಸುತ್ತ ಕೆಂಪಗೆ ಒಂದು ಗೆರೆ ಉಳಿದಿತ್ತು, ಅತ್ತೆ ಅದರ ಮೇಲೆ ಹೆಬ್ಬೆರಳಿನಿಂದ ಕೊಬ್ಬರಿ ಎಣ್ಣೆ ಸವರಿದರು.

“ಎಷ್ಟು ದೊಡ್ಡದಾಗೋಯ್ತು ನೋಡು ಕೂಸು” ಎಂದರು ನನ್ನ ಕಡೆ ತಿರುಗಿ. ಅವರ ವ್ಯಾಕರಣದಲ್ಲಿ ಏನೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಪ್ರೀತಿ ಉಕ್ಕಿದಾಗ ನನ್ನನ್ನೂ ಅವರು ಅಕ್ಕಪಕ್ಕದವರ ಮುಂದೆ “ಪಾಪ, ಅದು ಕೆಲ್ಸಕ್ಕೂ ಓಗ್ಬೇಕಲ್ಲ” ಎಂದೇ ಹೇಳುವುದು.

ಅಷ್ಟರಲ್ಲಿ ಮಗಳು ಕತ್ತರಿಸಿಬಿದ್ದ ಹಳೆಯ ದಾರವನ್ನು ಎತ್ತಿಕೊಂಡು ತನ್ನ ಬಟ್ಟೆಯ ಬೊಂಬೆಯ ಸೊಂಟಕ್ಕೆ ಸುತ್ತತೊಡಗಿದ್ದಳು. ಗಂಟು ಹಾಕಲು ಬಾರದು. ಸುತ್ತುತ್ತಾಳೆ, ಬಿಚ್ಚಿಹೋಗುತ್ತದೆ, ಮತ್ತೆ ಸುತ್ತುತ್ತಾಳೆ. ನಾನು ಸಹಾಯಕ್ಕೆಂದು ಕೈ ಚಾಚಿದೆ.

“ಬೇಲ,” ಎಂದಳು, ತಲೆಯೆತ್ತದೆ. “ಪಾಪು ಕತ್ತುತ್ತೆ.”